ಮೀಸೆಗೊಂದು ಟೊಮೆಟೊ

ಮೀಸೆ ಮಾವ ಬೀದಿಯ ತಿರುವಿನಲ್ಲಿ ಬರುವಾಗ ಮೊದಲು ಮೀಸೆ ಕಾಣುತ್ತಿತ್ತು, ಮಾವ ಕಾಣಲು ಇನ್ನೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಗಾಳಿ ಜೋರಾದ ದಿನ ಅವನು ಬೀದಿಯ ಎಡಬದಿಯಿಂದ ಹೊರಟು, ತನಗೇ ತಿಳಿಯದಂತೆ ಬಲಬದಿಗೆ ಬಂದು ಸೇರಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಅವನ ಕ್ಷೌರದಂಗಡಿಗೆ ಹೆಸರೆಂಬುದೇ ಇರಲಿಲ್ಲ. ಬಾಗಿಲ ಮೇಲೊಂದು ಹಲಗೆ, ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಒಂದು ಜೊತೆ ಮೀಸೆ, ಅಷ್ಟೆ. ಓದು ಬರದವರೂ ಹುಡುಕಿಕೊಂಡು ಬರುತ್ತಿದ್ದರು. ಕಟ್ಟಿಕೊಂಡ ಹೆಂಡತಿಯೂ ಅವನ ಮೇಲ್ದುಟಿಯನ್ನು ನೋಡಿರಲಿಲ್ಲ. ಅಲ್ಲಿ ಏನಿತ್ತೆಂಬುದು ಅವನಿಗೂ ಮರೆತುಹೋಗಿತ್ತು.

ಆ ಅಂಗಡಿಯಲ್ಲಿ ಕೂದಲು ಕತ್ತರಿಸುವುದಕ್ಕೆ ದುಡ್ಡು, ತರಕಾರಿ ಬೆಳೆಯುವ ಬುದ್ಧಿಮಾತು ಪುಕ್ಕಟೆ. ಅದು ಹೇಗೆ ಶುರುವಾಯಿತೋ ಯಾರಿಗೂ ನೆನಪಿಲ್ಲ. ಆ ಬೀದಿಯ ಜನಕ್ಕೆಲ್ಲ ಮಹಡಿಯ ಮೇಲೆ ಕುಂಡ ಇಡುವ ಗೀಳು. ಒಬ್ಬ ಗಿರಾಕಿ ಕತ್ತರಿಯ ಕೆಳಗೆ ತಲೆ ಬಗ್ಗಿಸಿ ಏನೋ ಹೇಳುವನು. ಮಾವ "ಹೌದಾ, ಹೌದಾ" ಎನ್ನುವನು. ಮುಂದಿನ ಗಿರಾಕಿ ಕೂರುವಷ್ಟರಲ್ಲಿ ಆ ಮಾತು ಮಾವನ ಸ್ವಂತದ್ದಾಗಿರುತ್ತಿತ್ತು. "ಮಣ್ಣಲ್ಲಿ ಬೆರಳು ತೂರಿಸಿ ನೋಡಿ, ಎರಡನೇ ಗೆಣ್ಣಿನವರೆಗೆ ಒಣಗಿದ್ರೆ ಮಾತ್ರ ನೀರು ಹಾಕಿ." "ಬುಡಕ್ಕೆ ಹುಯ್ಯಿರಿ, ಎಲೆಗೆ ಸ್ನಾನ ಮಾಡಿಸಬೇಡಿ." "ಹೊಸಬರು ಮೊದಲು ಸೊಪ್ಪು ಬಿತ್ತಿ. ಕೈ ಕುದುರಲಿ, ಆಮೇಲೆ ಟೊಮೆಟೊ, ಬದನೆ." ಹೇಳುವಾಗ ಎಡಗೈ ಮೀಸೆಯ ತುದಿಯನ್ನು ತಿರುವುತ್ತಿತ್ತು, ಬಲಗೈ ಕತ್ತರಿ ಆಡಿಸುತ್ತಿತ್ತು. ಆ ಬಲಗೈಯನ್ನು ಮಾವ ಬದುಕಿನಲ್ಲಿ ಎಂದೂ ಗಮನಿಸಿದವನಲ್ಲ. ಅದು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವ ಕೈ.

ಒಂದು ದಿನ ಕುರ್ಚಿಯಲ್ಲಿ ಪೋಸ್ಟ್‌ಮ್ಯಾನ್ ಕೂತಿದ್ದ. ಎದುರು ಅಂಗಡಿಯ ದರ್ಜಿ, ಮಾವನ ಚಿಕ್ಕಂದಿನ ಗೆಳೆಯ, ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬೆಂಚಿನ ಮೇಲೆ ಪೇಪರು ಓದುತ್ತಿದ್ದ.

"ಕೋಲನ್ನ ಸಸಿ ನೆಡುವಾಗಲೇ ಊರಬೇಕು ಕಣಪ್ಪ," ಎನ್ನುತ್ತಿದ್ದ ಮಾವ. "ಗಿಡ ದೊಡ್ಡದಾದ ಮೇಲೆ ಚುಚ್ಚಿದ್ರೆ ಬೇರು ಹರಿಯುತ್ತೆ."

ದರ್ಜಿ ಪೇಪರು ಕೆಳಗಿಳಿಸಿದ. "ಲೋ, ನೀನು ಹುಟ್ಟಿದಾಗಿಂದ ಒಂದು ಗಿಡ ನೆಟ್ಟಿದ್ದೀಯೇನೋ? ನಿಮ್ಮನೇಲಿ ಬ್ರೆಡ್ಡಿನ ಮೇಲೆ ಬೂಷ್ಟು ಕೂಡ ನೆಟ್ಟಗೆ ಬೆಳೆದಿದ್ದು ನಾನು ಕಾಣೆ."

ಪೋಸ್ಟ್‌ಮ್ಯಾನ್ ಬಟ್ಟೆಯೊಳಗೇ ಕಿಸಕ್ಕೆಂದ. ಮಾವನಿಗೆ ಕೋಪ ಬಂತು. ಕೋಪ ಬಂದಾಗ ಮೀಸೆ ಕೈಗೆ ಸಿಗುವುದು, ಮೀಸೆ ಕೈಗೆ ಸಿಕ್ಕಾಗ ಬಾಯಿ ಹತೋಟಿ ತಪ್ಪುವುದು.

"ಮಳೆ ಹಿಡಿಯೋದರೊಳಗೆ ನಾನು ಬೆಳೆದ ಟೊಮೆಟೊ ನಿನ್ನ ಕೈಯಲ್ಲಿಡ್ತೀನಿ. ಇಡದಿದ್ರೆ ಈ ಮೀಸೆ ನೀನೇ ಬೋಳಿಸು!"

ಮಾತು ಸಂಜೆಯೊಳಗೆ ಬೀದಿ ದಾಟಿತು. ಪೋಸ್ಟ್‌ಮ್ಯಾನ್‌ನ ಎದುರು ಆಡಿದ ಮಾತಿಗೆ ಅಂಚೆಚೀಟಿ ಬೇಡ.

"ಮೀಸೆ ಹೋದರೆ ಅಂಗಡಿ ಗತಿ ಏನ್ರೀ?" ಎಂದಳು ಹೆಂಡತಿ ರಾತ್ರಿ ಊಟ ಬಡಿಸುತ್ತ. "ಬೋರ್ಡ್ ನೋಡಿ ಬಂದೋರು ನಿಮ್ಮನ್ನ ನೋಡಿ ವಾಪಸ್ ಹೋಗ್ತಾರೆ. ಅದಿರಲಿ, ನಾನು ಗುರುತು ಹಿಡಿಯೋದು ಹೇಗೆ?"

ಅವಳು ತಮಾಷೆಗೆ ಅಂದಳೋ ನಿಜಕ್ಕೆ ಅಂದಳೋ ಮಾವನಿಗೆ ಗೊತ್ತಾಗಲಿಲ್ಲ.

ಮರುದಿನದಿಂದಲೇ ಮಹಡಿಯ ಮೇಲೆ ಕೆಲಸ ಶುರುವಾಯಿತು. ಇಷ್ಟು ವರ್ಷ ಪರರಿಗೆ ಹಂಚಿದ್ದನ್ನೆಲ್ಲ ಮಾವ ಮನೆಗೇ ತಂದುಕೊಂಡ. ಪೇಂಟಿನ ಖಾಲಿ ಬಕೆಟ್ಟುಗಳ ತಳಕ್ಕೆ ತೂತು ಕೊರೆದ. ಕೆಂಪು ಮಣ್ಣು, ಚೆನ್ನಾಗಿ ಕೊಳೆತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದ. ದಿನದ ಬಹುಪಾಲು ಬಿಸಿಲು ಬೀಳುವ ಮೂಲೆ ಹುಡುಕಿದ. ಸಸಿಗಳನ್ನು ಸಂಜೆ ತಂಪಿನಲ್ಲಿ, ಕಾಂಡ ಒಂದಿಷ್ಟು ಮಣ್ಣಿನೊಳಗೆ ಹೋಗುವಂತೆ ನೆಟ್ಟ. ಜೊತೆಜೊತೆಗೇ ಕೋಲು ಊರಿದ. ದಿನಾ ಬೆಳಿಗ್ಗೆ ಅಂಗಡಿಗೆ ಇಳಿಯುವ ಮುಂಚೆ ಗಿಡಗಳ ನಡುವೆ ಓಡಾಡಿ, ಬೆರಳು ತೂರಿಸಿ, ನೀರು ಹಾಕಿ, ಮೇಲಿಂದ ಕೆಳಗಿನವರೆಗೆ ಸವರಿ, ಮಾತಾಡಿಸಿ ಬರುತ್ತಿದ್ದ.

ಗಿಡಗಳು ಬೆಳೆದ ಚೆಂದವೋ ಚೆಂದ! ಸಾಲಾಗಿ ನಿಂತರೆ ಮದುವೆಗೆ ಹೊರಟ ಗಂಡಿನ ಕಡೆಯವರಂತೆ ಕಾಣುತ್ತಿದ್ದವು. ಒಂದು ಎಲೆ ಹೆಚ್ಚಿಲ್ಲ, ಒಂದು ಕವಲು ಅಡ್ಡಾದಿಡ್ಡಿ ಇಲ್ಲ. ಕೆಲವಕ್ಕಂತೂ ಎಡಕ್ಕೆ ಬೈತಲೆಯೂ ಇದ್ದಂತಿತ್ತು. ಹೂವು ಮಾತ್ರ ಒಂದೂ ಇಲ್ಲ.

ಮಾವ ಕಾದ. ಪಕ್ಕದ ಮಹಡಿಯಲ್ಲಿ ಆಮೇಲೆ ನೆಟ್ಟವರ ಗಿಡ ಕೆದರಿದ ಕೂದಲಿನ ಭಿಕಾರಿಯಂತೆ ಕೋಲಿಗೆ ಜೋತುಬಿದ್ದಿತ್ತು, ಮೈತುಂಬ ಹಳದಿ ಹೂವು. ತನ್ನವು ಹೀಗೆ ಶಿಸ್ತಾಗಿ ಬಂಜೆಯಾಗಿ ನಿಂತಿವೆ. ಇದೇನು ನ್ಯಾಯ? ನಾಚಿಕೆ ಬಿಟ್ಟು ಗಿರಾಕಿಗಳನ್ನು ಕೇಳಿದ.

"ಗೊಬ್ಬರ ಜಾಸ್ತಿ ಆದ್ರೆ ಬರೀ ಎಲೆ ಬರುತ್ತಂತೆ," ಎಂದ ಪೋಸ್ಟ್‌ಮ್ಯಾನ್.

"ಯಾರು ಹೇಳಿದ್ರು?"

"ನೀವೇ ಅಲ್ವಾ ಮೀಸೆ ಮಾವ!"

ಮಾವ ಗೊಬ್ಬರ ನಿಲ್ಲಿಸಿದ. ಬೇಕರಿಯವನು ಬೂದಿ ಚಿಮುಕಿಸು ಎಂದ. ಬೂದಿ ಮಾತು ಯಾರದ್ದು ಎಂದರೆ ಅದೂ ಮಾವನದ್ದೇ. ಇನ್ನೊಬ್ಬರು ಬೂದಿ ಹಾಕಲೇಬಾರದೆಂದರು, ಅದನ್ನೂ ಮಾವನೇ ಹೇಳಿದ್ದನಂತೆ, ಹಿಂದಿನ ತಿಂಗಳು, ಇದೇ ಕುರ್ಚಿಯಲ್ಲಿ. ಯಾವ ಬಾಗಿಲು ತಟ್ಟಿದರೂ ತೆಗೆಯಲು ತಾನೇ ಬರುತ್ತಿದ್ದಾನೆ ಎನಿಸಿ ಮಾವನಿಗೆ ತಲೆ ತಿರುಗಿತು. ಮೊಟ್ಟಮೊದಲು ಇವನ್ನೆಲ್ಲ ತನಗೆ ಹೇಳಿದವರು ಯಾರು? ನೆನಪಿಸಿಕೊಂಡಷ್ಟೂ ಕತ್ತರಿಯ ಕೆಳಗಿನ ಬಗ್ಗಿದ ತಲೆಗಳು ನೆನಪಾದವೇ ಹೊರತು ಒಂದು ಮುಖವೂ ನೆನಪಾಗಲಿಲ್ಲ.

ದರ್ಜಿ ದಿನಾ ಎದುರು ಬಾಗಿಲಲ್ಲಿ ನಿಂತು ಆಕಾಶ ನೋಡತೊಡಗಿದ. "ಮೋಡ ಕಟ್ತಾ ಇದೆ ಕಣೋ!" ಎಂದು ಕೂಗುವನು. ಟೇಪು ಹಿಡಿದು ಬಂದು ಮೀಸೆಯ ಅಳತೆಯನ್ನೂ ತೆಗೆದ. "ನೆನಪಿಗಿರಲಿ ಅಂತ," ಎಂದ.

ಕಣ್ಣೆದುರಿಗೇ ಇರಲೆಂದು ಮಾವ ಗಿಡಗಳಲ್ಲೇ ಲಕ್ಷಣವಾದ ಒಂದನ್ನು ಬಕೆಟ್ಟಿನ ಸಮೇತ ಅಂಗಡಿಗೆ ಇಳಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಅಲ್ಲಿ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ಅಷ್ಟರಲ್ಲಿ ಜ್ವರ ಬಂತು. ಎರಡು ದಿನ ಅಂಗಡಿ ಮುಚ್ಚಿ ಮಲಗಿದ. ಮೂರನೇ ದಿನ ಬಾಗಿಲು ತೆಗೆಯುವುದಕ್ಕೂ ಪೋಸ್ಟ್‌ಮ್ಯಾನ್ ಒಳಗೆ ನುಗ್ಗುವುದಕ್ಕೂ ಸರಿಹೋಯಿತು.

"ಬೇಗ ಮಾಡಿ ಮಾವ, ಕಾಗದ ಹಂಚೋಕೆ ಹೋಗ್ಬೇಕು."

ಪೋಸ್ಟ್‌ಮ್ಯಾನ್ ಬಿಳಿ ಬಟ್ಟೆ ಹೊದ್ದು ಕನ್ನಡಿಯ ಮುಂದೆ ಕೂತ. ಮಾವ ಕತ್ತರಿಸುತ್ತ, ಜ್ವರದ ಸಮಾಚಾರ ಹೇಳುತ್ತ, ಟವೆಲ್ಲಿಗೆಂದು ಕಿಟಕಿಯ ಕಡೆ ಹೋಗಿ ಬಂದ.

"ಮಾವ, ಈಗ ಏನು ಕತ್ತರಿಸಿದ್ರಿ?"

"ನಿನ್ನ ಕೂದಲು. ಇನ್ನೇನು?"

"ನನ್ನ ಕೂದಲು ಹಳದಿ ಬಣ್ಣದ್ದಾ?"

ಮಾವ ಕೆಳಗೆ ನೋಡಿದ. ನೆಲದ ಮೇಲೆ ಪೋಸ್ಟ್‌ಮ್ಯಾನ್‌ನ ಕಪ್ಪು ಬಿಳುಪು ಕೂದಲಿನ ಗುಪ್ಪೆಯಲ್ಲಿ ಒಂದು ಹಳದಿ ಟೊಮೆಟೊ ಹೂವು ಬಿದ್ದಿತ್ತು, ಅರಳಿದ ಹೂವು, ಅಂದೇ ಬೆಳಿಗ್ಗೆ ಅರಳಿದ್ದು. ಕನ್ನಡಿಯಲ್ಲಿ ನೋಡಿದ. ಕನ್ನಡಿಯೊಳಗಿನ ಮೀಸೆಯವನು ಬಲಗೈಯಲ್ಲಿ ಕತ್ತರಿ ಹಿಡಿದಿದ್ದ. ಕತ್ತರಿ ಇನ್ನೂ ಖಾಲಿ ಗಾಳಿಯಲ್ಲಿ ಕಚಕಚ ಎನ್ನುತ್ತಿತ್ತು.

"ನಾನಾ?" ಎಂದ ಮಾವ.

"ನೀವೇ. ಕನ್ನಡಿಯಲ್ಲಿ ನೋಡಿದೆ. ಹೋಗ್ತಾ ಒಂದು ಕಚಕ್, ಬರ್ತಾ ಒಂದು ಕಚಕ್."

ಮಾವ ಕತ್ತರಿ ಹಾಗೇ ಬಿಟ್ಟು ಮಹಡಿಗೆ ಓಡಿದ. ಪೋಸ್ಟ್‌ಮ್ಯಾನ್ ಅಂದು ಅರ್ಧ ತಲೆಯಲ್ಲೇ ಕಾಗದ ಹಂಚಿದ. ಮಹಡಿಯಲ್ಲಿ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು.

"ಲೇ, ನಾನು ದಿನಾ ಬೆಳಿಗ್ಗೆ ಈ ಗಿಡಗಳಿಗೆ ಏನು ಮಾಡ್ತಿದ್ದೆ?"

"ತುದಿ ಕತ್ತರಿಸ್ತಿದ್ರಿ. ಮೊಗ್ಗು ಚಾಚಿಕೊಂಡ್ರೆ ಅದನ್ನೂ ಸಮ ಮಾಡ್ತಿದ್ರಿ. ನಾನು ಇಲ್ಲೇ ನಿಂತು ನೋಡ್ತಿದ್ದೆನಲ್ಲ."

"ನೋಡಿಕೊಂಡು ಸುಮ್ಮನಿದ್ಯಾ!"

"ಊರಿಗೆಲ್ಲ ಹೇಳಿಕೊಡೋರು ನೀವು. ಅದೂ ಒಂದು ವಿದ್ಯೆ ಅಂದ್ಕೊಂಡೆ," ಎಂದು ಅವಳು ಬಟ್ಟೆಗೆ ಕ್ಲಿಪ್ಪು ಹಾಕಿದಳು. "ಪಕ್ಕದ ಮನೆಯವರೂ ಕೇಳಿದ್ರು. ಏನೋ ಒಳಗುಟ್ಟು ಇರುತ್ತೆ ಅಂದೆ."

ಅಲ್ಲಿಂದ ಮುಂದೆ ಮಹಡಿಯ ಬಾಗಿಲಲ್ಲಿ ಹೆಂಡತಿಯ ತಪಾಸಣೆ ಶುರುವಾಯಿತು. ಜೇಬಿನ ಕತ್ತರಿ, ಬಾಚಣಿಗೆ ಎಲ್ಲ ಕಿತ್ತುಕೊಂಡೇ ಒಳಗೆ ಬಿಡುತ್ತಿದ್ದಳು. ಕತ್ತರಿ ಇಲ್ಲದಿದ್ದರೂ ಮಾವನ ಬಲಗೈ ಉಗುರಿನಲ್ಲಿ ಚಿವುಟಲು ಹೊರಡುತ್ತಿತ್ತು. ಅದಕ್ಕೆ ಅವನು ಗಿಡದ ಹತ್ತಿರ ಹೋದಾಗಲೆಲ್ಲ ಎರಡೂ ಕೈಯಲ್ಲಿ ಮೀಸೆಯ ಎರಡು ತುದಿ ಹಿಡಿದುಕೊಂಡು ನಿಲ್ಲತೊಡಗಿದ. ನೋಡಿದವರಿಗೆ ಸೈಕಲ್ಲು ತುಳಿಯುತ್ತಿರುವಂತೆ ಕಾಣುತ್ತಿತ್ತು.

ಮಹಡಿಯ ಗಿಡಗಳು ತೀರಾ ನುಣ್ಣಗಾಗಿದ್ದವು, ಚೇತರಿಸಿಕೊಳ್ಳಲು ಹೊತ್ತಿರಲಿಲ್ಲ. ಕಿಟಕಿಯ ಗಿಡ ಮಾತ್ರ ಕೆದರಿಕೊಂಡಿತು. ತಲೆ ಎತ್ತೆತ್ತಲೋ ಹೊರಳಿತು, ಕವಲು ಕನ್ನಡಿಯ ಮೇಲೆ ಬಂತು, ಗಿರಾಕಿಗಳ ಕಿವಿಗೆ ಎಲೆ ತಾಗತೊಡಗಿತು. ಮಾವನಿಗೆ ಮೈಯೆಲ್ಲ ತುರಿಕೆ. ತಡೆದುಕೊಂಡ. ಹೂವು ಬಂದವು, ಒಂದಷ್ಟು ಉದುರಿದವು, ಒಂದೇ ಒಂದು ಕಚ್ಚಿತು. ಗುಂಡಗಿನ ಹಸಿರು ಕಾಯಿ, ಮೊದಲು ಬಟಾಣಿಯಷ್ಟು, ಆಮೇಲೆ ಗೋಲಿಯಷ್ಟು, ಆಮೇಲೆ ನಿಂಬೆಯಷ್ಟು.

ಹಣ್ಣಾಗುವ ಮುಂಚೆಯೇ ಮಳೆ ಹಿಡಿಯಿತು. ಮೊದಲ ಹನಿ ಬಿದ್ದಾಗ ದರ್ಜಿ ಕೊಡೆ ಬಿಚ್ಚಿಕೊಂಡೇ ರಸ್ತೆ ದಾಟಿದ.

"ಎಲ್ಲೋ ಟೊಮೆಟೊ?"

ಮಾವ ಕಿಟಕಿ ತೋರಿಸಿದ. ದರ್ಜಿ ಬಗ್ಗಿ ನೋಡಿದ, ಕನ್ನಡಕ ಏರಿಸಿ ಮತ್ತೆ ನೋಡಿದ. ನಗಾಡಲೆಂದು ಬಂದವನು ನಗಲಿಲ್ಲ.

"ಹೋಗ್ಲಿ ಬಿಡು," ಎಂದ. "ಕಾಯಾದ್ರೂ ಟೊಮೆಟೊನೇ. ಕತ್ತರಿಸಿ ಕೈಗೆ ಕೊಡು. ನಿನ್ನ ಮೀಸೇನೂ ಉಳೀತು, ನಿನ್ನ ಮಾತೂ ಉಳೀತು."

ಮಾವ ಕತ್ತರಿ ತೆಗೆದುಕೊಂಡು ಗಿಡದ ಹತ್ತಿರ ಹೋದ. ತೊಟ್ಟಿನ ಎರಡು ಬದಿಗೂ ಕತ್ತರಿಯ ಬಾಯಿ ತೆರೆದು ಹಿಡಿದ. ಕಾಯಿಯ ಮೈಮೇಲೆ ಸಣ್ಣಸಣ್ಣ ರೋಮವಿದೆಯೋ ಏನೋ ಎಂಬಂತೆ ಹತ್ತಿರ ನೋಡಿದ. ಮೇಲ್ಭಾಗದಲ್ಲಿ ಹಸಿರು ಕೊಂಚ ಬೆಳ್ಳಗಾಗಲು ಹವಣಿಸುತ್ತಿತ್ತು. ಜನ್ಮವಿಡೀ ನಿಲ್ಲಿಸಿದರೂ ನಿಲ್ಲದೆ ಆಡಿದ ಕೈ ಅದು. ಈಗ ಮುಚ್ಚು ಎಂದರೆ ಮುಚ್ಚಲೊಲ್ಲದು.

"ಏನಾಯ್ತೋ?" ಎಂದ ದರ್ಜಿ.

"ಆಗ್ತಿಲ್ಲ ಕಣೋ."

"ಕತ್ತರಿ ಮೊಂಡಾ?"

"ಅಲ್ಲ. ಯಾಕೋ ಗೊತ್ತಿಲ್ಲ. ಆಗ್ತಿಲ್ಲ."

ಮಾವ ಕತ್ತರಿ ಕೆಳಗಿಟ್ಟು ಬಂದು, ಬೇರೆಯವರು ಮಾತ್ರ ಕೂರುತ್ತಿದ್ದ ಆ ಕುರ್ಚಿಯಲ್ಲಿ ಮೊದಲ ಸಲ ತಾನೇ ಕೂತ. ಬಿಳಿ ಬಟ್ಟೆ ಎಳೆದುಕೊಂಡ. "ಬೋಳಿಸು," ಎಂದ.

"ಹುಚ್ಚಾ ನಿನಗೆ? ಒಂದು ಕಾಯಿಗೋಸ್ಕರ?"

"ಕೈಯಲ್ಲಿಡ್ತೀನಿ ಅಂದಿದ್ದೆ, ಇಡಲಿಲ್ಲ. ಬೋಳಿಸೋ, ಮಳೆ ಜೋರಾಗ್ತಿದೆ."

ದರ್ಜಿ ಬಟ್ಟೆ ಬಿಟ್ಟು ಬೇರೇನನ್ನೂ ಕತ್ತರಿಸಿದವನಲ್ಲ. ಮೊದಲು ಸೀಮೆಸುಣ್ಣದಿಂದ ಗೆರೆ ಎಳೆಯಲು ಹೋದ, ಮಾವ ಬೈದ. ಮೀಸೆ ಇಳಿಯಲು ಅರ್ಧ ಮಳೆಯೇ ಬೇಕಾಯಿತು. ನೆಲದ ಮೇಲೆ ಬಿದ್ದ ರಾಶಿ ನೋಡಿ ಒಂದು ಬೆಕ್ಕು ತನ್ನ ಬಳಗವಿರಬೇಕೆಂದು ಒಳಗೆ ಬಂದಿತ್ತಂತೆ. ಮಾವ ಕನ್ನಡಿ ನೋಡಿದ. ಯಾರೋ ಬೆಪ್ಪನಂಥವನೊಬ್ಬ ಅವನನ್ನೇ ನೋಡುತ್ತಿದ್ದ. "ಕೂತಿರಿ, ಯಜಮಾನ್ರು ಈಗ ಬರ್ತಾರೆ," ಎನ್ನಬೇಕೆನಿಸಿತು.

ಮನೆಯ ಬಾಗಿಲು ತೆರೆದ ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರು ಬೇಕಿತ್ತು?" ಎಂದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಒಳಗೋಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬಂದು, ಬೆರಳಿನಿಂದ ಅವನ ಮೇಲ್ದುಟಿ ಮುಟ್ಟಿ ನೋಡಿ, "ಇಲ್ಲೊಂದು ಮಚ್ಚೆ ಇದೆ ಕಣ್ರೀ," ಎಂದಳು. ಇಷ್ಟು ವರ್ಷ ಇದ್ದ ಮಚ್ಚೆ.

ಗಿರಾಕಿಗಳು ಕೆಲ ದಿನ ಹಲಗೆ ನೋಡಿ, ಮುಖ ನೋಡಿ, ಮತ್ತೆ ಹಲಗೆ ನೋಡಿ ಕೂತರು. ಕಾಯಿ ಗಿಡದಲ್ಲೇ ಕೆಂಪಾಯಿತು. ದರ್ಜಿ ದಿನಾ ಬಂದು ಅದನ್ನು ನೋಡಿ ಹೋಗುತ್ತಿದ್ದ, ಟೇಪಿನಲ್ಲಿ ಸುತ್ತಳತೆ ತೆಗೆಯುತ್ತಿದ್ದ. ಕೊನೆಗೆ ಅದು ತಾನಾಗಿಯೇ ತೊಟ್ಟು ಬಿಟ್ಟು ಅವನ ಅಂಗೈಗೇ ಬಿತ್ತು.

ಆ ನಡುವೆ ಬೀದಿಗೆ ಹೊಸದಾಗಿ ಬಂದವನೊಬ್ಬ ಕೂದಲು ಕತ್ತರಿಸಿಕೊಳ್ಳಲು ಬಂದು, ತನ್ನ ಮಹಡಿಯ ಟೊಮೆಟೊ ಹೂವು ಉದುರುತ್ತಿದೆ, ಏನು ಮಾಡಲಿ ಎಂದು ಕೇಳಿದ್ದ. ಮಾವನಿಗೆ ಏನು ಹೇಳಲೂ ತೋಚಲಿಲ್ಲ. ಯೋಚಿಸುತ್ತ ನಿಂತ. ಎಡಗೈ ಅಭ್ಯಾಸ ಬಲದಿಂದ ಮೇಲೇರಿ, ಇಲ್ಲದ ಮೀಸೆಯನ್ನು ಖಾಲಿ ಗಾಳಿಯಲ್ಲಿ ತಿರುವಿತು. ಹೊಸಬ ಅದನ್ನು ಬಹಳ ಗಮನವಿಟ್ಟು ನೋಡಿ, ತಲೆಯಾಡಿಸಿ, ದುಡ್ಡು ಕೊಟ್ಟು ಹೋದ.

ಕೆಲವು ವಾರ ಕಳೆದ ಮೇಲೆ ಪೋಸ್ಟ್‌ಮ್ಯಾನ್ ಬಂದು ಕುರ್ಚಿಯಲ್ಲಿ ಕೂತ.

"ಮಾವ, ವಿಷಯ ಗೊತ್ತಾಯ್ತಾ? ಟೊಮೆಟೊ ಹೂವಿನ ಪಕ್ಕದಲ್ಲಿ ಬೆರಳು ಹೀಗೆ ಹೀಗೆ ತಿರುವಬೇಕಂತೆ. ಹೂವು ಅಲ್ಲಾಡಿ ಕಾಯಿ ಕಚ್ಚುತ್ತಂತೆ. ಬೀದಿಯಲ್ಲೆಲ್ಲ ಈಗ ಅದೇ. ಕಚ್ತಾನೂ ಇದೆ!"

ಮಾವ ಕತ್ತರಿ ನಿಲ್ಲಿಸಿದ. "ಹೌದಾ? ಯಾರು ಹೇಳಿದ್ದು?"

"ಅದೇ ಯಾರಿಗೂ ಗೊತ್ತಿಲ್ಲ," ಎಂದ ಪೋಸ್ಟ್‌ಮ್ಯಾನ್. "ಯಾರೋ ಮೀಸೆ ಇಲ್ಲದೋರಂತೆ."