ಅಟ್ಟದಿಂದ ಇಳಿದ ಲ್ಯಾಪ್‌ಟಾಪ್

ಅಂಗಡಿ ಯಜಮಾನರ ಬಲಗಿವಿ ಎಡಗಿವಿಗಿಂತ ಕಪ್ಪಗಿತ್ತು, ಮೇಲ್ತುದಿ ಒರಟಾಗಿತ್ತು. ಸಿಪ್ಪೆ ಸುಲಿಯದ ತೆಂಗಿನಕಾಯನ್ನು ನಲವತ್ತು ವರ್ಷ ಒಂದೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಇನ್ನೇನಾಗುತ್ತದೆ? ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು, ವಯಸ್ಸಾದ ಮೇಲೆ ಅದನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು, ಅದೇ ಹಳೆಯ ಮಳಿಗೆಯಲ್ಲಿ ಲ್ಯಾಪ್‌ಟಾಪ್ ಅಂಗಡಿ ತೆರೆದರು. ಕಿವಿಯ ಚಾಳಿ ಮಾತ್ರ ಹೋಗಲಿಲ್ಲ. ಯಾರಾದರೂ ಹಳೆಯ ಲ್ಯಾಪ್‌ಟಾಪ್ ಮಾರಲು ತಂದರೆ, ಮೊದಲು ಅದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಆಮೇಲೆ ಆನ್ ಮಾಡಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಕಿಸಕ್ಕನೆ ನಕ್ಕುಬಿಟ್ಟಿದ್ದೆ.

"ನಗು ನಗು. ಸ್ಕ್ರೂ ಸಡ್ಲಾಗಿದ್ರೆ ಗೊತ್ತಾಯ್ತದೆ, ಫ್ಯಾನು ಸವೆದಿದ್ರೆ ಗೊತ್ತಾಯ್ತದೆ. ಇನ್ನೂ ಒಂದಿಷ್ಟು ಗೊತ್ತಾಯ್ತದೆ, ಅದ್ನ ಕೇಳ್ಬ್ಯಾಡ" ಎಂದಿದ್ದರು.

ನಾನು ದಬ್ಬೇಘಟ್ಟದವಳು. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ನನ್ನ ಹಳೆಯ ಲ್ಯಾಪ್‌ಟಾಪ್ ಮೂರು ತಿಂಗಳಿಗೊಮ್ಮೆ ಕೈಕೊಡುತ್ತಿತ್ತು, ನಾನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಿ ಯಜಮಾನರ ಅಂಗಡಿಗೆ ಓಡುತ್ತಿದ್ದೆ. "ಬಾರವ್ವ ನಕ್ಷೆ" ಎಂದೇ ಕರೆಯುತ್ತಿದ್ದರು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಈಗಲೂ ಅನುಮಾನ.

ಲ್ಯಾಪ್‌ಟಾಪ್ ಕೊಳ್ಳುವುದು ಹೇಗೆ ಎಂದು ನನಗೆ ಕಲಿಸಿದವರು ಅವರೇ. ಫೋನಿನಲ್ಲಿ ಉದ್ದದ ಪಟ್ಟಿ ತೋರಿಸಿಕೊಂಡು ಬರುವ ಗಿರಾಕಿಗಳನ್ನು ಕಂಡರೆ ಅವರಿಗೆ ಉರಿಯುತ್ತಿತ್ತು. "ಪಟ್ಟಿ ಆಮೇಲೆ. ಮೊದ್ಲು ನೀನು ಕೂತು ಏನ್ ಮಾಡ್ತೀಯ ಹೇಳಪ್ಪ" ಎನ್ನುತ್ತಿದ್ದರು. ಪತ್ರ ಬರೆಯುವವನಿಗೆ ಗ್ರಾಫಿಕ್ಸ್ ಕಾರ್ಡ್ ಯಾಕೆ ಬೇಕು? ತೆಳ್ಳಗಿದೆ ಎಂದು ದುಡ್ಡು ಸುರಿಯಬೇಡ, ರ್ಯಾಮ್ ಆಮೇಲೆ ಹೆಚ್ಚಿಸಿಕೊಳ್ಳಲು ಜಾಗ ಇದೆಯೇ ನೋಡು, ಒಂದೇ ಕೈಯಲ್ಲಿ ಮುಚ್ಚಳ ತೆಗೆದು ಕೀಲು ಅಲ್ಲಾಡುತ್ತದೆಯೇ ನೋಡು. ಹತ್ತು ನಿಮಿಷ ಓಡಿಸಿ ಹೊಟ್ಟೆ ಮುಟ್ಟಿ ನೋಡು, ಜ್ವರ ಬಂದ ಹಾಗಿದ್ದರೆ ವಾಪಸ್ ಇಡು. ಇಷ್ಟನ್ನೂ ಗಿರಾಕಿಗೆ ಹೇಳಿಕೊಟ್ಟು, ಆ ಗಿರಾಕಿ ಬೇರೆ ಅಂಗಡಿಗೆ ಹೋಗಿ ಕೊಂಡರೂ ಬೇಜಾರಾಗುತ್ತಿರಲಿಲ್ಲ. ಇಂಥವರು ಹೇಗಪ್ಪಾ ಕೊಬ್ಬರಿಯಲ್ಲಿ ಬದುಕಿದರು ಎಂದು ನನಗೆ ಆಶ್ಚರ್ಯ.

ಇವೆಲ್ಲಕ್ಕಿಂತ ವಿಚಿತ್ರ ಅವರ ಅಟ್ಟ. ನಮ್ಮ ಕಡೆ ಕಾಯನ್ನು ಅಟ್ಟದ ಮೇಲೆ ಹಾಕಿ ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಯಜಮಾನರು ಹಳೆಯ ಲ್ಯಾಪ್‌ಟಾಪುಗಳನ್ನೂ ಹಾಗೇ ಇಡುತ್ತಿದ್ದರು! ಕೊಂಡ ತಿಂಗಳನ್ನು ಚೀಟಿಯಲ್ಲಿ ಬರೆದು, ತೆಂಗಿನ ನಾರಿನಿಂದ ಕಟ್ಟಿ, ಮಳಿಗೆಯ ಅಟ್ಟಕ್ಕೆ ಏರಿಸುತ್ತಿದ್ದರು. ಹನ್ನೊಂದು ತಿಂಗಳಾಗದೆ ಕೆಳಗಿಳಿಸುತ್ತಿರಲಿಲ್ಲ.

"ಅಷ್ಟೊತ್ತಿಗೆ ಅದರ ಬೆಲೆ ಅರ್ಧ ಬಿದ್ದುಹೋಗುತ್ತಲ್ಲ ಯಜಮಾನ್ರೇ" ಎಂದು ನಾನು ಒಮ್ಮೆ ಕೇಳಿದೆ.

"ಬಿದ್ದೋಗ್ಲಿ ಬುಡು. ನೀರು ಆರ್ದೇ ಇರೋ ಕಾಯಿ ಒಡೆದ್ರೆ ಅದು ಕೊಬ್ರೀನೂ ಅಲ್ಲ, ಕಾಯೀನೂ ಅಲ್ಲ. ಒಬ್ರು ದಿನಾ ಕೈ ಇಟ್ಟು ಕೂತಿದ್ದ ವಸ್ತು ಕಣವ್ವ ಇದು. ಅವ್ರ ಪಸೆ ಆರ್ಬೇಕು."

ಹುಚ್ಚು ಎಂದುಕೊಂಡೆ. ಊರವರೂ ಹಾಗೇ ಅಂದುಕೊಂಡಿದ್ದರು.

ತುಮಕೂರಿನ ಒಂದು ಕಟ್ಟಡದ ಕಂಪನಿ ನನಗೆ ಪರೀಕ್ಷೆಗೆಂದು ಒಂದು ನಕ್ಷೆ ಕೊಟ್ಟಿತು. ಮೂವತ್ತು ನಲವತ್ತರ ನಿವೇಶನ, ಎರಡು ಮಲಗುವ ಕೋಣೆಯ ಮನೆ. ಬರುವ ವಾರದ ಸೋಮವಾರ ಕಳಿಸಬೇಕು. ಒಪ್ಪಿಗೆಯಾದರೆ ತಿಂಗಳು ತಿಂಗಳೂ ಕೆಲಸ. ಆಗದಿದ್ದರೆ ನಕ್ಷೆಯ ಹುಚ್ಚು ಬಿಟ್ಟು ಚಿಕ್ಕಪ್ಪನ ಗೊಬ್ಬರದ ಅಂಗಡಿಯಲ್ಲಿ ಕೂರಬೇಕು ಎಂದು ಮನೆಯಲ್ಲಿ ಮಾತಾಗಿಹೋಗಿತ್ತು. ಸರಿಯಾಗಿ ಅದೇ ಹೊತ್ತಿಗೆ ನನ್ನ ಲ್ಯಾಪ್‌ಟಾಪ್ ಪೂರ್ತಿ ಕಣ್ಣು ಮುಚ್ಚಿತು.

ತಿಪಟೂರಿಗೆ ಹೋದೆ. ನನ್ನ ಕೈಗೆಟುಕುವ ಹೊಸದರಲ್ಲಿ ಗ್ರಾಫಿಕ್ಸ್ ಇರಲಿಲ್ಲ, ಗ್ರಾಫಿಕ್ಸ್ ಇದ್ದದ್ದು ಕೈಗೆಟುಕಲಿಲ್ಲ. ಇನ್ನೆರಡು ಅಂಗಡಿ ಸುತ್ತಿದೆ, ಅಲ್ಲೂ ಅದೇ ಕಥೆ. ಆನ್‌ಲೈನಿನಲ್ಲಿ ತರಿಸಿದರೆ ಬರಲು ಒಂದು ವಾರ. ಸೋತು ವಾಪಸ್ ಬಂದು ಕೂತವಳು ತಲೆಯೆತ್ತಿ ನೋಡಿದರೆ, ಅಟ್ಟದ ಅಂಚಿನಲ್ಲಿ ಬೂದು ಬಣ್ಣದ್ದೊಂದು ಕಾಣಿಸಿತು.

"ಅದೇನು ಯಜಮಾನ್ರೇ?"

"ಅದಿನ್ನೂ ಆರಿಲ್ಲ. ಏಳು ತಿಂಗ್ಳಾಯ್ತು ಅಷ್ಟೇ."

"ಎಷ್ಟು ರ್ಯಾಮು?"

"ಹದಿನಾರು. ಗ್ರಾಫಿಕ್ಸೂ ಐತೆ" ಎಂದರು, ನನ್ನ ಮುಖ ನೋಡದೆ.

ನನಗೆ ಮೂಗಿನ ತುದಿಯಲ್ಲೇ ಕೋಪ. "ಕೊಳೆತು ಹೋಗೋಕೆ ಇದೇನು ಕಾಯಾ? ನನ್ನ ಅನ್ನದ ಪ್ರಶ್ನೆ ಯಜಮಾನ್ರೇ, ನಿಮಗೆ ಪಸೆ ಚಿಂತೆ!" ಎಂದು ಜೋರಾಗಿಯೇ ಅಂದುಬಿಟ್ಟೆ.

ಅವರು ನನ್ನ ಕೈಗಳನ್ನೇ ನೋಡಿದರು. "ನಕ್ಷೆ ಬರಿಯಾಕೇ ತಾನೆ?" ಎಂದು ಕೇಳಿದರು. ಮತ್ತಿನ್ಯಾತಕ್ಕೆ ಎಂದೆ. ಏಣಿ ಹತ್ತಿ ತಾವೇ ಇಳಿಸಿದರು. ಕಿವಿಗೆ ಹಿಡಿದು ಅವರು ಅಷ್ಟು ಹೊತ್ತು ಕೇಳಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ತಗಂಡೋಗು. ಸುಮ್ನೆ ಕೂತಿರೋದ್ನ ನೋಡಾಕೆ ನಂಗೂ ಆಗ್ತಿಲ್ಲ" ಎಂದು, ಹಳೆಯ ಡಿಸ್ಕ್ ಕಿತ್ತು ಹೊಸದು ಹಾಕಿಕೊಟ್ಟರು. ಹೇಳಿದ ಬೆಲೆ ಕೇಳಿ ನನಗೇ ನಾಚಿಕೆಯಾಯಿತು, ಅಷ್ಟು ಕಡಿಮೆ.

ಎರಡು ದಿನ ಕೆಲಸ ಸರಾಗವಾಗಿ ಓಡಿತು. ಗುರುವಾರ ಊಟ ಮುಗಿಸಿ ಬಂದು ನೋಡಿದರೆ, ನನ್ನ ನಕ್ಷೆಯಲ್ಲಿ ಮಲಗುವ ಕೋಣೆಯ ಉತ್ತರದ ಗೋಡೆಗೆ ಒಂದು ಬಾಗಿಲು ಇತ್ತು. ಎರಡೂವರೆ ಅಡಿ ಅಗಲ, ಆಚೆಗೆ ಮೂರು ಮೆಟ್ಟಿಲು. ಬಾಗಿಲು ಯಾವ ಕಡೆ ತೆರೆಯುತ್ತದೆಂದು ತೋರಿಸುವ ಬಿಲ್ಲುಗೆರೆ ಹೊರಗಡೆಗೆ ತಿರುಗಿತ್ತು. ನಮ್ಮ ಕಡೆ ಬೀದಿಯ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಯಾರೂ ಇಡುವುದಿಲ್ಲ. ನಿದ್ದೆಗಣ್ಣಲ್ಲಿ ನಾನೇ ಏನೋ ಎಳೆದಿರಬೇಕು ಎಂದುಕೊಂಡು ಅಳಿಸಿದೆ.

ಶುಕ್ರವಾರ ಮತ್ತೆ ಇತ್ತು. ಅದೇ ಗೋಡೆ, ಅದೇ ಅಳತೆ. ಅಮ್ಮನನ್ನು ಕೇಳೋಣವೆಂದರೆ ಅವಳಿಗೆ ಮೌಸ್ ಹಿಡಿಯಲೂ ಬರುವುದಿಲ್ಲ. ಇಂಟರ್ನೆಟ್ ಬಂದ್ ಮಾಡಿದೆ, ಪಾಸ್‌ವರ್ಡ್ ಬದಲಾಯಿಸಿದೆ. ಶನಿವಾರವೂ ಬಂತು. ಭಾನುವಾರ ಹಟ ಹಿಡಿದು ಬೆಳಗಿನಿಂದ ಪರದೆಯ ಮುಂದೆಯೇ ಕೂತೆ. ಏನೂ ಆಗಲಿಲ್ಲ. ಹನ್ನೆರಡರ ಬಿಸಿಲು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅಮ್ಮ ಮಜ್ಜಿಗೆ ತಂದಳು, ಲೋಟ ತೆಗೆದುಕೊಳ್ಳಲು ಒಂದು ಗಳಿಗೆ ತಿರುಗಿದೆ. ಮತ್ತೆ ನೋಡಿದಾಗ ಬಾಗಿಲು ಅಲ್ಲಿತ್ತು. ಲೋಟ ಕೈಜಾರಿತು. "ಏನೇ ಆಯ್ತು?" ಎಂದು ಅಮ್ಮ ಕೇಳಿದರೆ, ಏನಿಲ್ಲ ಎಂದು ನೆಲ ಒರೆಸಿದೆ.

ಸೋಮವಾರ ಬಾಗಿಲನ್ನು ಅಳಿಸಿ, ಪಿಡಿಎಫ್ ಮಾಡಿ, ತೆರೆದು ಎರಡೆರಡು ಸಲ ನೋಡಿ ಕಳಿಸಿದೆ. ಮಧ್ಯಾಹ್ನ ಕಂಪನಿಯಿಂದ ಫೋನ್ ಬಂತು. "ಏನಮ್ಮ, ಬೆಡ್‌ರೂಮಿಗೆ ಬೀದಿ ಬಾಗಿಲು ಇಡಿ ಅಂತ ಯಾರು ಹೇಳಿದ್ರು ನಿಮಗೆ? ಅದೂ ಹೊರಗೆ ತೆಗೆಯೋದು!" ಕಳಿಸಿದ ಫೈಲನ್ನೇ ತೆರೆದು ನೋಡಿದೆ. ಇತ್ತು. ಕೆಲಸ ಕೈತಪ್ಪಿತು.

ಮಾರನೆಯ ದಿನ ಮೊದಲ ಬಸ್ಸಿಗೆ ಹೋಗಿ, ಲ್ಯಾಪ್‌ಟಾಪನ್ನು ಯಜಮಾನರ ಮೇಜಿನ ಮೇಲೆ ಕುಕ್ಕಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಯಾವನದೋ ಕೆಟ್ಟ ಮಾಲು ನನ್ನ ತಲೆಗೆ ಕಟ್ಟಿದಿರಿ, ನಕ್ಷೆಯಲ್ಲಿ ಇಲ್ಲದ ಬಾಗಿಲು ಬರುತ್ತೆ, ನನ್ನ ಬದುಕು ಹಾಳಾಯಿತು ಎಂದು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. ಮೇಜನ್ನು ಹಿಡಿದುಕೊಂಡು ಮೆಲ್ಲಗೆ ಕೂತರು.

"ಹೊರಕ್ಕೆ ತಗೀತದಾ?" ಎಂದು ಕೇಳಿದರು.

ನಾನಿನ್ನೂ ಲ್ಯಾಪ್‌ಟಾಪ್ ತೆರೆದೇ ಇರಲಿಲ್ಲ, ಬಾಗಿಲು ಯಾವ ಕಡೆ ತೆರೆಯುತ್ತದೆಂದು ಹೇಳಿಯೂ ಇರಲಿಲ್ಲ.

"ಮೂರು ಮೆಟ್ಲು. ಬಡಗಣ ಗೋಡೆ" ಎಂದರು. ಬಡಗಣ ಎಂದರೆ ಉತ್ತರ.

"ಹಳೇ ಡಿಸ್ಕಿನಲ್ಲಿ ಏನೋ ಉಳಿದಿತ್ತು ಅಂತ ಕಾಣುತ್ತೆ" ಎಂದೆ, ನನಗೆ ನಾನೇ ಧೈರ್ಯ ಹೇಳಿಕೊಳ್ಳುವಂತೆ.

"ಡಿಸ್ಕು ಹೊಸ್ದು ಕಣವ್ವ. ಹಳೇದು ನಮ್ಮನೆ ಬೀರುವಿನಲ್ಲೈತೆ. ಇದು ನನ್ ಮಗಳದ್ದು."

ಮಗಳು ನನ್ನ ಹಾಗೆಯೇ ನಕ್ಷೆ ಬರೆಯುತ್ತಿದ್ದಳಂತೆ. ಗಿರಾಕಿಗಳು ನಡುಮನೆ ತುಳಿದುಕೊಂಡು ಬರುವುದು ಬೇಡ, ನನ್ನ ಕೋಣೆಗೇ ಓಣಿಯ ಕಡೆಯಿಂದ ಒಂದು ಬಾಗಿಲು ಇಡಿಸಿಕೊಡಿ ಎಂದು ಎರಡು ವರ್ಷ ಕೇಳಿದಳಂತೆ. ಕೋಣೆ ಚಿಕ್ಕದು, ಒಳಗೆ ಮೇಜಿಗೇ ಜಾಗ ಸಾಲದು, ಆದ್ದರಿಂದ ಬಾಗಿಲು ಹೊರಕ್ಕೆ ತೆರೆಯಲಿ ಎಂದು ನಕ್ಷೆಯನ್ನೂ ಬರೆದಿಟ್ಟಿದ್ದಳು. ಮನೆಮಗಳ ಕೋಣೆಗೆ ಬೀದಿ ಬಾಗಿಲೇ, ನೆಂಟರಿಷ್ಟರು ಏನಂದಾರು ಎಂದು ಇವರು ಬೇಡವೆಂದರು. ಅವಳು ಊರಾಚೆ ಬಾಡಿಗೆಗೆ ಒಂದು ಕೋಣೆ ಹಿಡಿದಳು. ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹೋದವಳು ಬರಲಿಲ್ಲ, ದಾರಿಯಲ್ಲಿ ಲಾರಿ. ಅಂಗಡಿಯಲ್ಲಿ ಒಂದು ದಿನವೂ ಅವರು ಈ ಮಾತೆತ್ತಿರಲಿಲ್ಲ.

"ಹನ್ನೊಂದು ತಿಂಗ್ಳು ಬಿಡ್ಬೇಕಿತ್ತು. ಎಲ್ರಿಗೂ ಹೇಳೋನು ನಾನೇ ತಡೀಲಿಲ್ಲ. ನಿನ್ ಕೈ ನೋಡಿದ್ನಾ... ಬರಿಯೋ ಕೈ ಸಿಗ್ಲಿ ಅದುಕ್ಕೆ ಅಂತ ಆಸೆ ಆಗೋಯ್ತು" ಎಂದು ಅತ್ತರು. ಅಷ್ಟು ಹೊತ್ತು ಕೂಗಾಡಿದ ನನ್ನ ನಾಲಿಗೆಯನ್ನು ಕಚ್ಚಿಕೊಳ್ಳುವ ಹಾಗಾಯಿತು.

ಅವರು ಹೊಸದೊಂದನ್ನು ಕೊಡಲು ಬಂದರು, ನಾನು ಬೇಡವೆಂದೆ. ಆಗ ನನ್ನನ್ನು ಮನೆಗೆ ಕರೆದೊಯ್ದು, "ಇದ್ರಲ್ಲಿ ನಮ್ಮನೆ ನಕ್ಷೆ ಬರಿ" ಎಂದರು. ಟೇಪು ಹಿಡಿದು ಮನೆಯನ್ನೆಲ್ಲ ಅಳೆದೆ, ಅವರ ಹೆಂಡತಿ ಟೇಪಿನ ಇನ್ನೊಂದು ತುದಿ ಹಿಡಿದರು. ಮಗಳ ಕೋಣೆಯಲ್ಲೇ ಕೂತು, ಇದ್ದದ್ದು ಇದ್ದ ಹಾಗೆ ಬರೆದೆ. ಉತ್ತರದ ಗೋಡೆಯನ್ನು ಇಡಿಯಾಗಿ ಬಿಟ್ಟೆ. ಬಾಗಿಲು ತಾನಾಗಿಯೇ ಬರುತ್ತದೆ ಎಂದು ಮೂವರೂ ಕಾದೆವು. ಎದ್ದು ಹೋಗಿ ಕಾಫಿ ಕುಡಿದು ಬಂದೆವು. ಬರಲಿಲ್ಲ. ಮತ್ತೆ ಹೊರಗೆ ಹೋಗಿ ಕೂತು ಬಂದೆವು. ಗೋಡೆ ಗೋಡೆಯಾಗಿಯೇ ಇತ್ತು.

ಯಜಮಾನರು ಬಗ್ಗಿ, ಕಿವಿಯನ್ನು ಕೀಲಿಮಣೆಯ ಹತ್ತಿರ ಇಟ್ಟು ಕೇಳಿದರು. ನೆಟ್ಟಗಾದಾಗ ಮುಖ ಬಿಳಿಚಿಕೊಂಡಿತ್ತು.

"ನಾನು ಹೇಳ್ಲಿ ಅಂತ ಕಾಯ್ತಾವ್ಳೆ" ಎಂದರು. ಆಮೇಲೆ, ನನ್ನನ್ನಲ್ಲ, ಪರದೆಯನ್ನೇ ನೋಡಿಕೊಂಡು, "ಆಯ್ತು ಕಣವ್ವ. ಬಾಗ್ಲು ಇಟ್ಕೊ. ಯಾರೇನಾದ್ರೂ ಅನ್ಲಿ" ಎಂದರು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಎರಡೂವರೆ ಅಡಿ ಅಳೆದು ಬಾಗಿಲು ಹಾಕಿದೆ, ಹೊರಕ್ಕೆ ಬಿಲ್ಲು ಎಳೆದೆ.

ಆಮೇಲೆ ನನ್ನ ಯಾವ ನಕ್ಷೆಯಲ್ಲೂ ಇಲ್ಲದ ಬಾಗಿಲು ಬರಲಿಲ್ಲ. ಹದಿನೈದು ದಿನದಲ್ಲಿ ಗಾರೆಯವರು ಬಂದು ಗೋಡೆ ಒಡೆದರು. ಮೆಟ್ಟಿಲು ಕಟ್ಟಿಸಿದ ಮೇಲೆ ಯಜಮಾನರು ಕೀಲಿಕೈಯನ್ನು ನನ್ನ ಕೈಗಿಟ್ಟು, "ಗೊಬ್ರದಂಗ್ಡಿಗೆ ಹೋಗ್ಬ್ಯಾಡ. ಇಲ್ಲಿ ಕೂತು ಬರಿ" ಎಂದರು. ಬಾಡಿಗೆಯ ಮಾತೆತ್ತಿದರೆ ಬೈಗುಳ. ತಿಪಟೂರಿನಂಥ ಪೇಟೆಯಲ್ಲಿ ಕೂತವಳಿಗೆ ಗಿರಾಕಿಗಳು ತಾವಾಗಿಯೇ ಬಂದರು, ಓಣಿಯಿಂದ ನೇರ ಮೆಟ್ಟಿಲು ಹತ್ತಿ. ನಾನು ಇವತ್ತು ನನ್ನ ಕಾಲ ಮೇಲೆ ನಿಂತಿದ್ದರೆ ಅದು ಆ ಕೋಣೆಯಿಂದ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಬರೆಯುವ ಸದ್ದು ಕೇಳುವುದೇ ಅವರಿಗೆ ಕೆಲಸ. ಒಂದೊಂದು ದಿನ ಬಲಗಿವಿಯನ್ನು ಬಾಗಿಲಿನ ಕಡೆ ತಿರುಗಿಸಿಕೊಂಡು ಕೂತಿರುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ಕೇಳಲು ಹೆದರಿಕೆ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ. ಓಣಿಯಲ್ಲಿ ವಿಪರೀತ ಧೂಳೆಂದು ಬಾಗಿಲಿಗೆ ನಾನೇ ಒಳಗಿನಿಂದ ಚಿಲಕ ಹಾಕಿದ್ದೆ. ಯಜಮಾನರು ನನ್ನ ಬೆನ್ನ ಹಿಂದೆ ಕೂತಿದ್ದರು.

"ಬಂದ್ಯಾ ಮಗ? ಬಾ" ಎಂದರು.

"ನಾನೆಲ್ಲಿಗೆ ಹೋಗಿದ್ದೆ ಯಜಮಾನ್ರೇ, ಇಲ್ಲೇ ಇದೀನಲ್ಲ" ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

ತಣ್ಣನೆಯ ಗಾಳಿ ಕುತ್ತಿಗೆಗೆ ತಾಗಿತು, ಹಿಂದೆ ತಿರುಗಿ ನೋಡಿದೆ. ಚಿಲಕ ಜಾರಿತ್ತು, ಬಾಗಿಲು ಹೊರಕ್ಕೆ ಪೂರ್ತಿ ತೆರೆದಿತ್ತು, ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಯಜಮಾನರು ಕುರ್ಚಿಯಲ್ಲಿ ಆ ಕಡೆಗೆ ಮುಖ ಮಾಡಿ ಕೂತಿದ್ದರು. ಉಸಿರು ನಿಂತಿತ್ತು, ಮುಖದಲ್ಲಿ ನಗುವಿತ್ತು. ನಾನು ಅವರ ಹೆಂಡತಿಯನ್ನು ಕೂಗಿದೆ, ನೆರೆಯವರನ್ನು ಕೂಗಿದೆ, ಬಂದವರು ಧೂಳು, ಬಾಗಿಲು ಮುಚ್ಚಮ್ಮ ಎಂದರು. ಸಂಜೆಯವರೆಗೂ ನಾನು ಅದನ್ನು ಮುಚ್ಚಲು ಬಿಡಲಿಲ್ಲ.