ಆಯಿ ಒರೆಸಿಕೊಳ್ಳದ ವಿಭೂತಿ

ಶಿಲುಬೆಯ ಪಟದ ಹಿಂದೆ ಕೈಯಾಡಿಸಿದಾಗ ಒಣಗಿದ ಈಚಲ ಗರಿ ಸಿಕ್ಕಿತು. ಹೋದ ವರ್ಷ ಗರಿಗಳ ಭಾನುವಾರದಂದು ಆಯಿ ಗೋಕಾಕದ ಚರ್ಚಿನಿಂದ ತಂದು ಸಿಕ್ಕಿಸಿದ್ದು. ಮೂಸಿದೆ. ಒಣಹುಲ್ಲಿನ ವಾಸನೆ, ಸ್ವಲ್ಪ ಮೇಣದಬತ್ತಿಯ ಹೊಗೆ... ಇನ್ನೇನೂ ಇಲ್ಲ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲಕ್ಕೆ ಮೊದಲು ಇಂಥ ಹಳೆಯ ಗರಿಗಳನ್ನು ಚರ್ಚಿಗೆ ಒಪ್ಪಿಸಬೇಕು. ಅವನ್ನು ಸುಟ್ಟ ಬೂದಿಯನ್ನೇ, ಆ ಕಾಲ ಶುರುವಾಗುವ ವಿಭೂತಿ ಬುಧವಾರ, ನಮ್ಮ ಹಣೆಗೆ ಹಚ್ಚುತ್ತಾರೆ.

ಆಯಿ ಎಂದರೆ ನನ್ನ ತಂದೆಯ ತಾಯಿ. ಕೊಣ್ಣೂರಿನ ನಮ್ಮ ಮನೆಯಲ್ಲಿ ಸಂಜೆ ಜಪಸರ ಮುಗಿಯದೆ ಯಾರ ತಾಟಿಗೂ ರೊಟ್ಟಿ ಬೀಳುತ್ತಿರಲಿಲ್ಲ. ತೂಕಡಿಸುವ ಮೊಮ್ಮಕ್ಕಳ ಕಿವಿ ಹಿಂಡುತ್ತಲೇ ಜಪ ತಪ್ಪದೆ ಹೇಳುತ್ತಿದ್ದಳು. ಓಣಿಯಲ್ಲಿ ಬಾಣಂತಿಗೆ ನೀರು ಹಾಕುವವರಿಲ್ಲ, ಸತ್ತವಳಿಗೆ ಜಳಕ ಮಾಡಿಸುವವರಿಲ್ಲ ಎಂದು ಕಿವಿಗೆ ಬಿದ್ದರೆ ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದಳು. ಅವರು ಯಾವ ಪೈಕಿ ಎಂದು ಅವಳು ವಿಚಾರಿಸಿದ್ದನ್ನು ನಾನು ಕಂಡಿಲ್ಲ.

ಘೋಡಗೇರಿಯಲ್ಲಿ ಆಯಿಗೊಬ್ಬ ಗೆಳತಿ ಇದ್ದಳು, ಲಿಂಗಾಯತರ ಹೆಂಗಸು. ಹರೆಯದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತು ಕಬ್ಬಿನ ಕಳೆ ತೆಗೆದವರು. ಗೆಳತಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಇದ್ದೊಬ್ಬ ಮಗಳು ಮೂಡಲಗಿಯ ಸೊಸೆ, ಬಿಡುವಾದಾಗ ಬರುತ್ತಿದ್ದಳು. ಪ್ರತಿ ಬುಧವಾರ ಆಯಿ ಬಸ್ಸು ಹತ್ತಿ ಹೋಗಿ ಗೆಳತಿಗೆ ಎರೆದು, ತಲೆ ಬಾಚಿ, ನುಚ್ಚು ಮಜ್ಜಿಗೆ ಉಣಿಸಿ ಬರುತ್ತಿದ್ದಳು. ಜಳಕವಾದ ಮೇಲೆ ಗೋಡೆಯ ಮಾಡದಲ್ಲಿದ್ದ ವಿಭೂತಿಗಟ್ಟಿ ತೆಗೆದು, ಬೆರಳಿಗೆ ತೇಯ್ದುಕೊಂಡು, ಗೆಳತಿಯ ಹಣೆಗೆ ತಾನೇ ಹಚ್ಚುತ್ತಿದ್ದಳು. ಅವಳ ಕೈ ಏಳುತ್ತಿರಲಿಲ್ಲವಲ್ಲ.

ಕ್ರಿಶ್ಚಿಯನ್ ಮುದುಕಿಯೊಬ್ಬಳು ಬಂದು ಏನೋ ಹಚ್ಚಿ, ಏನೋ ಗುಣುಗಿ, ಲಿಂಗಾಯತರ ಹೆಂಗಸಿನ ಜಾತಿ ಕೆಡಿಸುತ್ತಿದ್ದಾಳೆಂದು ಊರಲ್ಲಿ ಮಾತೆದ್ದದ್ದು ನಮಗೆ ಗೊತ್ತಿರಲಿಲ್ಲ.

ಒಂದು ವಿಭೂತಿ ಬುಧವಾರ ನಾನೂ ಆಯಿಯ ಜೊತೆಗಿದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ. ಚರ್ಚಿನ ಬೆಳಗಿನ ಪೂಜೆಯಲ್ಲಿ ಗುರುಗಳು ಹಚ್ಚಿದ ಬೂದಿಯ ಶಿಲುಬೆ ಬಿಸಿಲಿಗೆ, ಬೆವರಿಗೆ ಹರಡಿ ಆಯಿಯ ಹಣೆಯ ಮೇಲೆ ಅಡ್ಡಪಟ್ಟೆಯಂತಾಗಿತ್ತು. ಗೆಳತಿಗೆ ಆಗಷ್ಟೇ ಜಳಕವಾಗಿತ್ತು. ನಾನು ಅವಳ ತಲೆ ಬಾಚುತ್ತಿದ್ದೆ. ಮೂವರು ಹುಡುಗರು ಬಾಗಿಲು ದೂಡಿ ಒಳಗೆ ಬಂದರು. ಮುಂದಿದ್ದವನು ಆಯಿಯ ಹಣೆ ನೋಡಿ ದನಿ ತಗ್ಗಿಸಿದ.

"ಆಯಿ, ಆ ಕ್ರಿಶ್ಚಿಯನ್ ಮುದುಕಿ ಇವತ್ತ ಬಂದಿಲ್ಲೇನ್ರಿ?"

ಇಲ್ಲ ಎಂದಿದ್ದರೆ ಅವರು ಕೈಮುಗಿದು ಹೋಗುತ್ತಿದ್ದರು. ನಾನು ಬಾಚಣಿಗೆ ಹಿಡಿದವಳು ಹಾಗೇ ಕೂತೆ.

"ಬಂದಾಳಲ್ಲೋ ತಮ್ಮಾ," ಎಂದಳು ಆಯಿ. "ನಿನ್ನ ಮುಂದ ಕುಂತಾಳ ನೋಡು."

ಅವನು ತಡವರಿಸಿದ. "ಮತ್ತ... ಹಣಿಮ್ಯಾಲ ವಿಭೂತಿ?"

"ನಮಗೂ ವಿಭೂತಿ ಐತಿ. ಮಣ್ಣಿಂದ ಬಂದೀದಿ, ಮಣ್ಣಿಗೇ ಹೋಗತೀದಿ ಅಂತ ಹೇಳಿ ಹಚ್ಚತಾರ. ನಿಮ್ಮ ಮಣ್ಣು ಬ್ಯಾರೆ ಐತೇನು?"

"ಇಕಿ ಹಣಿಗಿ ಏನ ಹಚ್ಚೀದಿ?" ಹಿಂದಿದ್ದವನು ಗದರಿದ. ಬಹುವಚನ ಅಲ್ಲಿಗೆ ಮುಗಿದಿತ್ತು.

"ಮಾಡದಾಗ ನೋಡು, ಅಕಿ ಗಟ್ಟಿ ಅಲ್ಲೇ ಐತಿ. ಅಕಿದು ಅಕಿಗಿ, ನಂದು ನನಗ."

"ನಾಳಿಂದ ಈ ಊರಿಗಿ ಕಾಲಿಡಬ್ಯಾಡ."

"ಆತು. ಹಂಗಾದ್ರ ಬರೂ ಬುಧವಾರ ಇಕಿಗಿ ಜಳಕಾ ಯಾರು ಮಾಡಸ್ತೀರಿ? ನೀ ಬರ್ತಿಯೋ, ನಿಮ್ಮವ್ವನ್ನ ಕಳಸ್ತಿಯೋ? ಖರೆ ಹೇಳಿ ಹೋಗು."

ಆಗ ಗೆಳತಿ, ವಾರೆಯಾದ ಬಾಯಿಯಿಂದ, ಒಂದೊಂದೇ ಮಾತು ಹೊರಗೆ ತಂದಳು. "ಹೋಗೂ ಮುಂದ... ಬಾಗಲಾ ಹಾಕ್ಕೊಂಡ ಹೋಗ್ರಿ. ಮೈ... ಹಸಿ ಐತಿ."

ಅವರು ಹೋದರು. ಬಾಗಿಲು ಹಾಕಲಿಲ್ಲ. ನಾನೇ ಎದ್ದು ಹಾಕಿದೆ.

ಮುಂದಿನ ಬುಧವಾರ ಅಪ್ಪ ಬೇಡವೆಂದರೂ ಆಯಿ ಹೊರಟಳು, ನಾನೂ ಹಿಂದೆ ಹೋದೆ. ಬಸ್ಸಿಳಿಯುವಲ್ಲಿ ಅದೇ ಹುಡುಗರು ನಿಂತಿದ್ದರು. ಬುತ್ತಿಗಂಟಿನ ಮೇಲೆ ಒಂದು ಹಿಡಿ ಮಣ್ಣು ಬಂದು ಬಿತ್ತು. ಆಯಿ ಅದನ್ನು ಕೊಡವಿ, ಗಂಟು ಬಗಲಿಗೆ ಬದಲಿಸಿಕೊಂಡು ನಡೆದಳು. ಅವರು ಬದಲಾದರೆಂದು ಬರೆಯಲಾರೆ, ನಾನದನ್ನು ಕಂಡಿಲ್ಲ. ಆಯಿ ಹೋಗುವುದನ್ನು ನಿಲ್ಲಿಸಲಿಲ್ಲ ಎಂಬುದನ್ನು ಕಂಡಿದ್ದೇನೆ. ಗೆಳತಿ ತೀರಿಕೊಂಡಾಗ ಮೂಡಲಗಿಯ ಮಗಳು ಮೊದಲು ಫೋನು ಮಾಡಿದ್ದು ಆಯಿಗೆ. ಕೊನೆಯ ಜಳಕ ಮಾಡಿಸಿ, ಕೊನೆಯ ವಿಭೂತಿ ಹಚ್ಚಿದ್ದೂ ಆಯಿಯೇ.

ಮಳೆಗಾಲ ಮುಗಿಯುವ ಹೊತ್ತಿಗೆ ಆಯಿಯೂ ಹೋದಳು. ಈಗ ಜಪಸರ ನನ್ನ ಕೈಯಲ್ಲಿದೆ, ತೂಕಡಿಸಿದರೆ ಕಿವಿ ಹಿಂಡುವವರಿಲ್ಲ...

ಗರಿಯನ್ನು ಇಟ್ಟುಕೊಳ್ಳೋಣ ಅನಿಸಿತ್ತು. ಇಟ್ಟುಕೊಳ್ಳಲಿಲ್ಲ, ಒಪ್ಪಿಸಿದೆ. ಇವತ್ತು ಅದರ ಬೂದಿ ಹಣೆಗೆ ಬಂತು. ಚರ್ಚಿನಿಂದ ಹೊರಬರುವಾಗ ಅಪ್ಪ, "ಹಣಿ ಒರಸ್ಕೊಂಡ ಬಸ್ ಹತ್ತವ್ವಾ, ದಿನಮಾನ ಚಲೋ ಇಲ್ಲ," ಎಂದರು. ಅವರ ಹಣೆ ಆಗಲೇ ಬರಿದಾಗಿತ್ತು. ನಾನು ಹಾಗೇ ಹತ್ತಿದೆ.

ಪಕ್ಕದ ಸೀಟಿನ ಮುದುಕಿ ನನ್ನನ್ನು ದಿಟ್ಟಿಸಿ ಕೇಳಿದಳು. "ಯಾವ ಮಠದ ವಿಭೂತಿ ಯವ್ವಾ?"

ಬಸ್ಸು ತುಂಬಿತ್ತು. ಎಲ್ಲರಿಗೂ ಕೇಳಿಸುತ್ತದೆಂದು ಗೊತ್ತಿತ್ತು.

"ನಾವು ಕ್ರಿಶ್ಚಿಯನ್‌ರು ರೀ," ಎಂದೆ. ದನಿ ತಗ್ಗಿಸಲಿಲ್ಲ. "ವಿಭೂತಿ ನಮ್ಮ ಆಯಿದು."