ಒಂದು ನಟ್ಟಿಗೆ ಮಾತ್ರ ಗೆರೆ ಇರಲಿಲ್ಲ

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಮಾತು ಶುರುಮಾಡಿದರೆ ಎದ್ದು ಹೋಗುವವನು ನಾನು. ಮೂವತ್ತು ವರ್ಷದಿಂದ ಬೆಳಗಿನ ಜಾವ ಮೂರಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗಿ ತರಕಾರಿ ವ್ಯಾಪಾರ ಮಾಡುತ್ತಿದ್ದೇನೆ. ದೆವ್ವ ಅನ್ನುವುದೊಂದು ಇದ್ದಿದ್ದರೆ ಇಷ್ಟು ಹೊತ್ತಿಗೆ ಅದೂ ನನ್ನ ಹತ್ತಿರ ಹುರುಳಿಕಾಯಿಗೆ ಚೌಕಾಸಿ ಮಾಡಿರುತ್ತಿತ್ತು. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಮೂರು ವರ್ಷದ ಹಿಂದಿನ ಮಾತು. ಹಳೆಯ ಫೋರ್ ವೀಲ್ ಡ್ರೈವ್ ಜೀಪೊಂದನ್ನು ಕೊಂಡು ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ನಿಲ್ಲಿಸಿಕೊಂಡಿದ್ದೆ. ಹಿಂದಿನ ಸೀಟು ಕಿತ್ತು ಇಬ್ಬರು ಮಲಗುವಷ್ಟು ಹಲಗೆ ಹಾಕಿಸಿದೆ. ಮೇಲೆ ಕ್ಯಾರಿಯರ್, ನೀರಿನ ಕ್ಯಾನು, ಸಣ್ಣ ಗ್ಯಾಸ್ ಒಲೆ, ಮಾಮೂಲ್‌ಪೇಟೆಯಿಂದ ತಂದ ಟಾರ್ಪಾಲು ಎಲ್ಲವೂ ಒಂದೊಂದಾಗಿ ಸೇರಿದವು. ಗುಜರಾತಿನ ಕಛ್‌ನ ಉಪ್ಪಿನ ಬಯಲಿನ ತನಕ ಹೋಗಿ, ಯಾರೂ ರೇಟು ಕೂಗದ ಜಾಗದಲ್ಲಿ ನಾಲ್ಕು ದಿನ ಸುಮ್ಮನೆ ಕೂರಬೇಕೆಂಬುದು ನನ್ನ ಮತ್ತು ನನ್ನ ಹೆಂಡತಿ ಜಯಳ ಆಸೆ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ನಾವಿಬ್ಬರೂ ಒಟ್ಟಿಗೆ ಎರಡು ದಿನ ರಜೆ ಕಂಡವರಲ್ಲ.

ಆದರೆ ತಯಾರಿಯಲ್ಲೇ ಎರಡು ವರ್ಷ ಕಳೆದುಹೋಯಿತು. ಅಷ್ಟರಲ್ಲಿ ಜಯಳ ಮೊಣಕಾಲು ಕೆಟ್ಟು, ಡಾಕ್ಟರು ಆಪರೇಷನ್‌ಗೆ ತಾರೀಖು ಕೊಟ್ಟರು. "ಈ ಸಲ ಹೋಗ್ಲಿಲ್ಲ ಅಂದ್ರೆ ನಾವು ಹೋಗೋದೇ ಇಲ್ಲ ಕಣ್ರೀ" ಎಂದಳು. ನನ್ನ ಭಾವಮೈದ ಸೋಮವಾರದಿಂದ ಹನ್ನೆರಡು ದಿನ ಅಂಗಡಿ ನೋಡಿಕೊಳ್ಳಲು ಒಪ್ಪಿದ್ದ. ಆ ಸೋಮವಾರ ತಪ್ಪಿದರೆ ಮುಗಿಯಿತು.

ಜೀಪಿನ ಕೆಲಸವನ್ನೆಲ್ಲ ನೋಡುತ್ತಿದ್ದವರು ನಮ್ಮ ಹಿಂದಿನ ಬೀದಿಯ ಮೆಕ್ಯಾನಿಕ್ ಖಾದರ್ ಭಾಯ್. ಎಪ್ಪತ್ತರ ಹತ್ತಿರದವರು. ಅವರದೊಂದು ಪದ್ಧತಿಯಿತ್ತು. ಯಾವುದೇ ನಟ್ಟನ್ನು ಬಿಗಿ ಮಾಡಿದ ಮೇಲೆ ನಟ್ಟು ಮತ್ತು ಬೋಲ್ಟಿನ ಮೇಲೆ ಸೇರಿಸಿ ನೇಲ್ ಪಾಲಿಶಿನಿಂದ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. ನಟ್ಟು ಸ್ವಲ್ಪ ಸಡಿಲವಾದರೂ ಗೆರೆ ಮುರಿದು ಗೊತ್ತಾಗುತ್ತದೆ. ಆ ಪಾಲಿಶು ತೀರಿಹೋದ ಅವರ ಹೆಂಡತಿಯದು. ಆ ಕಡುಗೆಂಪು ಈಗ ಎಲ್ಲೂ ಸಿಗುವುದಿಲ್ಲ ಎನ್ನುತ್ತಿದ್ದರು. ಗೆರೆ ಬೀಳದ ಗಾಡಿಯನ್ನು ಅವರು ಹೊರಗೆ ಬಿಡುತ್ತಿರಲಿಲ್ಲ.

ಹೊರಡುವುದಕ್ಕೆ ಆರು ದಿನ ಮೊದಲು, ಮಂಗಳವಾರ, ನಾನು ಗಾಡಿ ಕೇಳಲು ಹೋದೆ. "ಇನ್ನೂ ಒಂದು ವಾರ ತಡೀರಿ ಅಣ್ಣ. ಹೊಸ ಸ್ಪ್ರಿಂಗ್ ಪ್ಲೇಟು ಹಾಕಿದೀನಿ, ಅದು ಕೂತ್ಕೋಬೇಕು. ಭಾರ ತುಂಬಿ ಓಡ್ಸಿ, ಆಮೇಲೆ ಮತ್ತೆ ಬಿಗಿ ಮಾಡ್ಬೇಕು" ಎಂದರು. ನಿದ್ದೆಗೆಟ್ಟ ತಲೆ ನನ್ನದು. "ನಿಮ್ಗೆ ವಯಸ್ಸಾಯ್ತು ಭಾಯ್, ಕೈ ಓಡಲ್ಲ. ಕೀ ಕೊಡಿ" ಎಂದುಬಿಟ್ಟೆ. ಅವರು ಕೀಯನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಹಾಗೆ ಒರೆಸಿದ್ದು ಇವತ್ತಿಗೂ ಕಣ್ಣ ಮುಂದಿದೆ.

ಉಳಿದ ಕೆಲಸ ನಾನೇ ಮಾಡಿದೆ. ಸಾಮಾನು ತುಂಬಿ ಒಂದು ಸುತ್ತು ಓಡಿಸಿ ಬಂದು, ಹಿಂದಿನ ಸ್ಪ್ರಿಂಗುಗಳ ಎಂಟು ನಟ್ಟುಗಳನ್ನು ತೆಗೆದು ಬಿಡಿಭಾಗದ ಅಂಗಡಿಯಿಂದ ಹೊಸವನ್ನು ತಂದು ಹಾಕಿದೆ. ಸ್ಟೇರಿಂಗ್ ರಾಡನ್ನೂ ಬದಲಾಯಿಸಿದೆ. ಶುಕ್ರವಾರ ಸುದ್ದಿ ಬಂತು: ಹಿಂದಿನ ದಿನ ಖಾದರ್ ಭಾಯ್‌ಗೆ ಲಕ್ವ ಹೊಡೆದಿದೆ, ಬಲಗೈ ಬಿದ್ದುಹೋಗಿದೆ. ತಯಾರಿಯ ನೆಪ ಹೇಳಿಕೊಂಡು ನಾನು ಆಸ್ಪತ್ರೆಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಮುಖ ತೋರಿಸಲು ನಾಚಿಕೆಯಾಗಿತ್ತು.

ಭಾನುವಾರ ಮಧ್ಯಾಹ್ನ ಊಟ ಮಾಡಿ, ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂದು ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ಮಲಗಿದೆ. ವಾರದ ದಣಿವೆಲ್ಲ ಒಟ್ಟಿಗೆ ಬಂದು ಅಲ್ಲೇ ಕಣ್ಣು ಹತ್ತಿತು. ಹತ್ತು ನಿಮಿಷವೋ ಅರ್ಧ ಗಂಟೆಯೋ ತಿಳಿಯದು. ಎಚ್ಚರವಾದದ್ದು ವಾಸನೆಗೆ. ಗ್ರೀಸಿನದಲ್ಲ, ನೇಲ್ ಪಾಲಿಶಿನದು.

ಟಾರ್ಚ್ ಹಾಕಿದೆ. ನಾನು ತಂದು ಹಾಕಿದ ಎಂಟು ಹೊಸ ನಟ್ಟುಗಳ ಮೇಲೂ ಕಡುಗೆಂಪು ಗೆರೆ. ಒಂದನ್ನು ಮುಟ್ಟಿದರೆ ಬೆರಳಿಗೆ ಅಂಟಿತು. ತೆವಳಿಕೊಂಡು ಮುಂದೆ ಹೋಗಿ ನೋಡಿದರೆ ಸ್ಟೇರಿಂಗ್ ರಾಡಿನ ನಟ್ಟೊಂದಕ್ಕೆ ಮಾತ್ರ ಗೆರೆ ಇರಲಿಲ್ಲ. ಹಿಡಿದು ತಿರುಗಿಸಿದೆ. ಸ್ಪ್ಯಾನರೇ ಬೇಕಾಗಲಿಲ್ಲ, ಕೈಯಲ್ಲೇ ತಿರುಗಿತು. ಅದು ಬಿಚ್ಚಿಕೊಳ್ಳದಂತೆ ಅಡ್ಡ ಹಾಕಬೇಕಾದ ಪಿನ್ನನ್ನು ನಾನು ಮರೆತಿದ್ದೆ. ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಹೆದ್ದಾರಿಯಲ್ಲಿ ಆ ನಟ್ಟು ಬಿದ್ದಿದ್ದರೆ ಏನಾಗುತ್ತಿತ್ತೆಂದು ನಾನು ಬರೆಯಬೇಕಿಲ್ಲ. ಪಕ್ಕದ ಸೀಟಿನಲ್ಲಿ ಜಯ ಇರುತ್ತಿದ್ದಳು.

ಜಯ ಅಷ್ಟೂ ಹೊತ್ತು ಜಗಲಿಯ ಮೇಲೆ ಕೂತು ಚಟ್ನಿಪುಡಿ ಕಟ್ಟುತ್ತಿದ್ದಳು. ಯಾರಾದರೂ ಬಂದಿದ್ದರೇ ಎಂದು ಕೇಳಿದೆ.

"ನಿಮ್ಮ ಕಾಲು ಬಿಟ್ರೆ ಇನ್ಯಾರ ಕಾಲೂ ಕಾಣ್ಲಿಲ್ಲ" ಎಂದಳು.

"ನೇಲ್ ಪಾಲಿಶ್ ನೀನೇನಾದ್ರೂ ಹಚ್ಚಿದ್ಯಾ?"

"ನನ್ನ ಉಗುರಿಗೆ ಹಚ್ಕೊಳಕ್ಕೇ ಟೈಮಿಲ್ಲ, ನಿಮ್ಮ ಜೀಪಿಗೆ ಹಚ್ತೀನಾ? ಈ ಮಂಡಿ ಇಟ್ಕೊಂಡು ಅದರ ಕೆಳಗೆ ಬೇರೆ ನುಗ್ಬೇಕಾ?" ಎಂದು ನಕ್ಕವಳು, ನನ್ನ ಮುಖ ನೋಡಿ ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟಳು.

ನಟ್ಟು ಬಿಗಿ ಮಾಡಿ, ಪಿನ್ನು ಹಾಕಿ, ಕೈ ಕೂಡ ತೊಳೆಯದೆ ಆಸ್ಪತ್ರೆಗೆ ಹೋದೆ. ಹಾಸಿಗೆಯ ಪಕ್ಕದಲ್ಲಿ ಅವರ ಮಗ ಇಮ್ರಾನ್ ಕೂತಿದ್ದ. ನಾನು ಕೇಳಿದ್ದಕ್ಕೆ, ಗುರುವಾರದಿಂದ ಅಪ್ಪನ ಕೈ ಎದ್ದಿಲ್ಲ, ಗ್ಯಾರೇಜಿಗೆ ಬೀಗ ಹಾಕಿದೆ, ಪಾಲಿಶಿನ ಬಾಟಲಿಯೂ ಒಳಗೇ ಇದೆ ಎಂದ. ಖಾದರ್ ಭಾಯ್ ಕಣ್ಣು ತೆರೆದು ನನ್ನ ಬೆರಳನ್ನೇ ನೋಡುತ್ತಿದ್ದರು. ನಾಲಗೆ ತೊದಲುತ್ತಿತ್ತು. ತಡವರಿಸುತ್ತ, "ಒಂದು... ಉಳೀತಲ್ಲಾ ಅಣ್ಣ" ಎಂದರು.

"ನೋಡ್ದೆ ಭಾಯ್. ಪಿನ್ನು ಹಾಕ್ದೆ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಕ್ಷಮೆ ಕೇಳಬೇಕೆಂದು ಹೋದವನು ಕೇಳಿದೆನೋ ಇಲ್ಲವೋ ನೆನಪಿಲ್ಲ. ಅಳುತ್ತಿದ್ದೆ ಎಂಬುದಷ್ಟೇ ನೆನಪು.

ಆಮೇಲೆ ಇಮ್ರಾನ್ ಹೊರಗೆ ಬಂದು, ಅಪ್ಪ ಬೆಳಗಿನಿಂದ ಅದೊಂದೇ ಮಾತು ಹೇಳುತ್ತಿದ್ದಾರೆ, ಯಾವುದೋ ಮಾತ್ರೆ ಉಳಿದಿದೆ ಎಂದುಕೊಂಡಿದ್ದೆವು ಎಂದ. ಇರಬಹುದು, ಅವರು ಮಾತ್ರೆಯನ್ನೇ ಹೇಳಿದ್ದಿರಬಹುದು. ಆ ಗೆರೆಗಳು ಮಾತ್ರ ಹೇಗೆ ಬಂದವೆಂದು ಎಷ್ಟು ಲೆಕ್ಕ ಹಾಕಿದರೂ ನನಗೆ ತಾಳೆಯಾಗುವುದಿಲ್ಲ.

ನಾವು ಹೋಗಿ ಬಂದೆವು. ಉಪ್ಪಿನ ಬಯಲಿನಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಜಯ ನಾಲ್ಕು ದಿನ ಸುಮ್ಮನೆ ಕೂತಳು. ತಿರುಗಿ ಬರುವಷ್ಟರಲ್ಲಿ ಖಾದರ್ ಭಾಯ್ ಇರಲಿಲ್ಲ.

ಆ ಎಂಟು ಗೆರೆಗಳು ಈಗ ಮಸುಕಾಗಿವೆ, ಆದರೆ ಒಂದೂ ಮುರಿದಿಲ್ಲ. ಇಮ್ರಾನ್ ಆ ಬಾಟಲಿಯನ್ನು ನನಗೇ ಕೊಟ್ಟುಬಿಟ್ಟ. ಒಂಬತ್ತನೆಯದಕ್ಕೆ, ಆ ಸ್ಟೇರಿಂಗ್ ನಟ್ಟಿಗೂ ನೀವೇ ಗೆರೆ ಹಾಕಬಾರದೇ ಎಂದು ಜಯ ಆಗಾಗ ಕೇಳುತ್ತಾಳೆ. ಪ್ರತಿ ಪ್ರಯಾಣಕ್ಕೂ ಮೊದಲು ಜೀಪಿನ ಕೆಳಗೆ ಮಲಗಿ ನಾನು ಮೊದಲು ನೋಡುವುದು ಅದನ್ನೇ. ಬಿಗಿಯಾಗಿದೆ, ಪಿನ್ನೂ ಇದೆ. ಗೆರೆ ಹಾಕಲು ಕೈ ಬರುವುದಿಲ್ಲ. ಬಾಟಲಿಯನ್ನು ಪಕ್ಕದಲ್ಲಿಟ್ಟು, ಆ ಭಾನುವಾರದ ಹಾಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಅಲ್ಲೇ ಮಲಗಿರುತ್ತೇನೆ.